ಕಾರ್ಮೆಲ್ ಬೆಟ್ಟ ಹತ್ತಿದ ಮೈಸೂರು ಸವಾರರು

1918ರ ಸೆಪ್ಟೆಂಬರ್ 23, ಸೋಮವಾರ. ಬಿಸಿಲು ನೆತ್ತಿಗೇರುವ ಹೊತ್ತು. ಪ್ಯಾಲೆಸ್ಟೈನಿನ ಹೈಫಾ ಪಟ್ಟಣಕ್ಕೆ ಹೋಗುವ ರಸ್ತೆಯ ಎಡಕ್ಕೆ ಕಾರ್ಮೆಲ್ ಬೆಟ್ಟದ ಸಾಲು, ಬಲಕ್ಕೆ ಕಿಶೋನ್ ಹೊಳೆಯ ಜೌಗು. ನಡುವೆ ಇಕ್ಕಟ್ಟಾದ ಒಂದು ಪಟ್ಟಿ ನೆಲ. ರಸ್ತೆಯೂ ಅದರಲ್ಲೇ, ರೈಲು ಹಳಿಯೂ ಅದರಲ್ಲೇ. ಬಲದ್ ಅಲ್‌ಶೇಖ್ ಎಂಬ ಹಳ್ಳಿಯ ಹತ್ತಿರ ಭಾರತದ ಸವಾರರ ಬ್ರಿಗೇಡೊಂದು ಮುಂದೆ ಹೋಗಲಾರದೆ ನಿಂತಿದೆ. ಬೆಟ್ಟದ ಇಳಿಜಾರಿನಿಂದ ತುರ್ಕಿಯವರ 77 ಮಿಲಿಮೀಟರ್ ಫಿರಂಗಿಗಳು ಬಿಡುವಿಲ್ಲದೆ ಹಾರಿಸುತ್ತಿವೆ. ರಸ್ತೆಯ ಮೇಲೆ ಒಂದು ಕುದುರೆ ಕಾಣಿಸಿದರೂ ಗುಂಡು ಬೀಳುತ್ತದೆ.

11.45ಕ್ಕೆ ಮೈಸೂರು ಲ್ಯಾನ್ಸರ್ಸ್ ದಳದ ಒಂದು ಸ್ಕ್ವಾಡ್ರನ್ ಎರಡು ಮಷಿನ್ ಗನ್ನುಗಳೊಂದಿಗೆ ರಸ್ತೆ ಬಿಟ್ಟು ಎಡಕ್ಕೆ ಹೊರಳಿತು. ಎದುರಿಗಿದ್ದದ್ದು ಬೆಟ್ಟದ ಕಾಲುದಾರಿ. ಸುಣ್ಣಕಲ್ಲಿನ ಬಂಡೆ, ಮುಳ್ಳುಪೊದೆ, ಕುಳ್ಳ ಓಕ್ ಮರಗಳು. ಕುದುರೆ ಓಡುವ ನೆಲ ಅದಲ್ಲ. ಲಾಳ ಕಲ್ಲಿಗೆ ತಾಗಿ ಜಾರುವ ನೆಲ. ಮೇಲೆ ಎಲ್ಲೋ ಮರೆಯಲ್ಲಿ ನೌಕಾ ಫಿರಂಗಿಗಳಿವೆ. ಅವನ್ನು ಹುಡುಕಿ ಹಿಡಿಯಬೇಕು. ಹಾಗೆಂದು ಅಪ್ಪಣೆ ಹೊತ್ತು ಅವರು ಏರತೊಡಗಿದರು.

ಈ ಏರುವಿಕೆಯ ಕತೆಯನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಓದುಗರ ಮುಂದಿಡಲು ನನಗೆ ಕಾರಣವಿದೆ. ಅಂದು ಆ ಸವಾರರ ತೋಳಿನ ಮೇಲಿದ್ದ ಹೆಸರು ಮೈಸೂರಿನದು, ಈ ನಾಲ್ಕೂ ಊರುಗಳು ಆ ಮೈಸೂರಿನವು. ಈಗ ಇವು ಸೇರಿರುವ ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯವು, ಜಗಳೂರು ಚಿತ್ರದುರ್ಗದ್ದು. ನ್ಯಾಮತಿ ಈಚೆಗಷ್ಟೇ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಸಂಸ್ಥಾನದ ಬೊಕ್ಕಸ ತುಂಬುತ್ತಿದ್ದ ದೊಡ್ಡ ಬಾಬತ್ತು ರೈತರು ಕಟ್ಟುವ ಕಂದಾಯ. ಜಗಳೂರಿನ ಜೋಳದ ಹೊಲಕ್ಕೂ ಚನ್ನಗಿರಿಯ ಅಡಕೆ ತೋಟಕ್ಕೂ ಆ ದೂರದ ಬೆಟ್ಟದಲ್ಲಿ ಪಾಲಿತ್ತು ಎಂದು ನಾನು ಹೇಳುವುದು ಈ ಲೆಕ್ಕದಿಂದ.

ಈ ನಾಲ್ಕು ತಾಲ್ಲೂಕುಗಳ ನೆಲವನ್ನು ಪಡುವಣದಿಂದ ಮೂಡಣಕ್ಕೆ ನಡೆದು ನೋಡಬೇಕು. ನ್ಯಾಮತಿಯಲ್ಲಿ ಮಲೆನಾಡಿನ ಗಾಳಿ ಇನ್ನೂ ಇರುತ್ತದೆ. ಬೆಳಗುತ್ತಿಯ ಹತ್ತಿರ ತೀರ್ಥರಾಮೇಶ್ವರ ಬೆಟ್ಟದಲ್ಲಿ ಬಸವನ ಬಾಯಿಂದ ಬೇಸಿಗೆಯಲ್ಲೂ ನೀರು ಬೀಳುತ್ತದೆ. ಮಲೆನಾಡಿನ ಸರಕು ಬಯಲಿಗಿಳಿಯಲು, ಬಯಲಿನ ಕಾಳುಕಡಿ ಮಲೆನಾಡಿಗೇರಲು ನ್ಯಾಮತಿಯ ಪೇಟೆ ಹಿಂದಿನಿಂದಲೂ ಹಾದಿ. ಹೊನ್ನಾಳಿಗೆ ಬಂದರೆ ತುಂಗಭದ್ರೆ ಅಗಲವಾಗಿ ಹರಿಯುತ್ತಾಳೆ. ಚನ್ನಗಿರಿಯಲ್ಲಿ ಊರ ತಲೆಯ ಮೇಲೇ ಕೋಟೆ. ಕೆಳದಿಯ ಚೆನ್ನಮ್ಮಾಜಿಯ ಹೆಸರು ಹೊತ್ತ ಊರಿನ ಗುಡ್ಡದ ಮೇಲೆ ರಂಗನಾಥನ ಗುಡಿ, ಕೆಳಗೆ ಕಣ್ಣು ಹಾಯುವಷ್ಟು ದೂರ ಅಡಕೆ ತೋಟ, ಅದರಾಚೆ ಸೂಳೆಕೆರೆಯ ನೀರು. ಜಗಳೂರಿಗೆ ಹೋಗುವಷ್ಟರಲ್ಲಿ ಮಳೆ ಕೈಬಿಟ್ಟಿರುತ್ತದೆ. ಕಬ್ಬಿಣದ ಅಂಶವಿರುವ ಕಲ್ಲಿನ ಗುಡ್ಡಗಳು, ಕುರುಚಲು ಕಾಡು, ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಳು, ಕೊಡದಗುಡ್ಡದಲ್ಲಿ ವೀರಭದ್ರ. ನಡುನಡುವೆ ಬೇಸಿಗೆಯಲ್ಲಿ ಬಿರುಕುಬಿಟ್ಟು, ಮಳೆಗಾಲದಲ್ಲಿ ಕಾಲು ಹಿಡಿಯುವ ಎರೆಹೊಲ. ಗುಡ್ಡ ಹಿಡಿದವನು ಕೆಳಗಿನ ದಾರಿಯನ್ನೂ ಹಿಡಿದ ಎಂಬುದು ಇಲ್ಲಿಯ ಪಾಳೆಯಗಾರರಿಗೆ ಗೊತ್ತಿದ್ದ ಮಾತು. ಇಲ್ಲಿಯ ಕೋಟೆಗಳು ಎದ್ದು ನಿಂತಿರುವುದೇ ಅದಕ್ಕಾಗಿ.

ಮೈಸೂರಿನ ಕುದುರೆ ದಳಕ್ಕೂ ಈ ನೆಲಕ್ಕೂ ಹಳೆಯ ನಂಟು ಇದೆ. ಅದು ಹೆಮ್ಮೆಪಡುವ ನಂಟಲ್ಲ, ಆದರೂ ಹೇಳಬೇಕು. 1830ರಲ್ಲಿ ಕಂದಾಯದ ಹಿಂಸೆ ತಾಳಲಾರದೆ ನಗರ ಸೀಮೆಯ ರೈತರು ಕೂಟ ಕಟ್ಟಿದರು. ಆ ಕೂಟಗಳು ಸೇರಿದ ಊರುಗಳಲ್ಲಿ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣವೂ ಒಂದು. ಬೂದಿ ಬಸವಪ್ಪ ಎಂಬಾತ ತಾನೇ ನಗರದ ದೊರೆ ಎಂದು ಸಾರಿಕೊಂಡ, ತರೀಕೆರೆಯ ಪಾಳೆಯಗಾರರು ಅವನ ಜೊತೆಗೂಡಿದರು, ಹೊನ್ನಾಳಿಯಲ್ಲಿ ಕಾದಾಟವೇ ನಡೆಯಿತು. ರೈತರನ್ನು ಅಡಗಿಸಲು ಬಂದ ಪಡೆಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ ಜೊತೆ ಮೈಸೂರಿನ ಸಿಲೆದಾರರ ಕುದುರೆಗಳೂ ಇದ್ದವು. ದಂಗೆ ಅಡಗಿತು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು.

ಸಿಲೆದಾರನೆಂದರೆ ತನ್ನದೇ ಕುದುರೆ, ತನ್ನದೇ ಆಯುಧ ತಂದು ಚಾಕರಿಗೆ ನಿಲ್ಲುವವನು. ಕುದುರೆ ಸತ್ತರೆ ಅವನ ಬದುಕೂ ಕುಸಿದಂತೆಯೇ. 1807ರ ಒಪ್ಪಂದದ ಪ್ರಕಾರ ಮೈಸೂರು 4000 ಸವಾರರನ್ನು ಕಂಪನಿಯ ನೆರವಿಗೆಂದು ಸಾಕಬೇಕಾಗಿತ್ತು. ದಿವಾನ್ ಪೂರ್ಣಯ್ಯನವರ ಕಾಲದ ಆ ದೊಡ್ಡ ದಂಡು ವರ್ಷ ಕಳೆದಂತೆ ಕರಗುತ್ತ ಬಂತು. 1892ರಲ್ಲಿ ಅದರೊಳಗಿನಿಂದ ಆಯ್ದು ಕಟ್ಟಿದ್ದು ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್. ದಳದಲ್ಲಿ ಸಿಲೆದಾರ ಮನೆತನಗಳ ಮರಾಠರಿದ್ದರು, ಮುಸಲ್ಮಾನರಿದ್ದರು, ರಜಪೂತರಿದ್ದರು. ಮೇಲಧಿಕಾರಿಗಳಲ್ಲಿ ಅರಸು ಮನೆತನದವರಿದ್ದರು. 1914ರಲ್ಲಿ ಈಜಿಪ್ಟಿಗೆ ಹೊರಟಾಗ ದಳದ ನಾಯಕತ್ವ ಬಿ. ಚಾಮರಾಜ ಅರಸು ಅವರದಾಗಿತ್ತು. ಮೈಸೂರಿನ ಸಾರಿಗೆ ದಳ ಬೇರೆ ದಿಕ್ಕಿಗೆ, ಮೆಸಪಟೇಮಿಯಾಕ್ಕೆ ಹೋಯಿತು. ಅದರ ಕತೆಯನ್ನು ಇನ್ನೊಮ್ಮೆ ಹೇಳಬೇಕು.

ಮೊದಲ ವರ್ಷಗಳು ಸುಯೆಜ್ ಕಾಲುವೆಯ ಕಾವಲಿನಲ್ಲಿ, ಮರಳಿನಲ್ಲಿ ಕಳೆದವು. ಮೈಸೂರು, ಜೋಧಪುರ, ಹೈದರಾಬಾದು ಸಂಸ್ಥಾನಗಳ ಮೂರು ದಳಗಳನ್ನು 15ನೇ ಅಶ್ವದಳ ಬ್ರಿಗೇಡಿನಲ್ಲಿ ಕೂಡಿಸಿದ್ದರು. 1918ರ ಬೇಸಿಗೆಯಲ್ಲಿ ಅವರನ್ನು ಜೋರ್ಡಾನ್ ಕಣಿವೆಗೆ ಇಳಿಸಿದರು. ಸಮುದ್ರಮಟ್ಟಕ್ಕಿಂತ ಮುನ್ನೂರು ಮೀಟರಿಗೂ ಹೆಚ್ಚು ಕೆಳಗಿರುವ ನೆಲ ಅದು. ಕುದುರೆ ಒಂದು ಹೆಜ್ಜೆ ಇಟ್ಟರೆ ಸೊಂಟದವರೆಗೆ ಹಿಟ್ಟಿನಂಥ ಧೂಳು ಏಳುತ್ತಿತ್ತು. ಗಾಳಿ ಇಲ್ಲ, ನೆರಳಿಲ್ಲ, ಸಂಜೆಯಾದರೆ ಸೊಳ್ಳೆ, ಮಲೇರಿಯಾ. ಜುಲೈ 14ರಂದು ಅಲ್‌ಹಿನು ಎಂಬ ಹೊಳೆಗಡವಿನ ಬಳಿ ಜೋಧಪುರ, ಮೈಸೂರು ಸವಾರರು ಈಟಿ ಹಿಡಿದು ತುರ್ಕಿಯ ಕುದುರೆ ದಳದ ಮೇಲೆ ನುಗ್ಗಿದರು. ಮಷಿನ್ ಗನ್ನಿನ ಕಾಲದಲ್ಲೂ ಈಟಿಗೆ ಕೆಲಸವಿದೆ ಎಂದು ಮೇಲಿನವರಿಗೆ ಮನವರಿಕೆಯಾದದ್ದು ಅಂಥ ದಿನಗಳಲ್ಲೇ.

ಸೆಪ್ಟೆಂಬರ್ 19ರಂದು ಬ್ರಿಟಿಷ್ ಸೇನಾಪತಿ ಜನರಲ್ ಅಲೆನ್‌ಬಿಯ ದೊಡ್ಡ ದಾಳಿ ಶುರುವಾಯಿತು. ಕರಾವಳಿಯಲ್ಲಿ ತುರ್ಕಿಯ ಸಾಲು ಮುರಿದದ್ದೇ ತಡ, ಕುದುರೆ ದಂಡುಗಳು ಆ ಸಂದಿಯಲ್ಲಿ ಒಳನುಗ್ಗಿ ಗುಡ್ಡಸಾಲಿನ ಕಣಿವೆದಾರಿಗಳನ್ನು ದಾಟಿ ಹಿಂದಿನ ಬಯಲಿಗೆ ಇಳಿದವು. ಆ ಬಯಲು ಜೆಜ್ರೀಲ್ ಕಣಿವೆ. ಅಲ್ಲಿಯ ಮಣ್ಣು ಕಪ್ಪು, ಭಾರ, ಸೆಪ್ಟೆಂಬರಿನಲ್ಲಿ ಒಣಗಿ ಬಾಯಿ ಬಿಟ್ಟಿರುತ್ತದೆ. ಜಗಳೂರು ಕಡೆಯ ರೈತನನ್ನು ಅಲ್ಲಿ ನಿಲ್ಲಿಸಿದ್ದರೆ ಬಗ್ಗಿ ಒಂದು ಹೆಂಟೆ ಎತ್ತಿ, ಇದು ನಮ್ಮ ಎರೆಹೊಲವೇ ಎನ್ನುತ್ತಿದ್ದ. ಮೂರು ದಿನಗಳಲ್ಲಿ ತುರ್ಕಿಯ ಸೈನ್ಯ ಕಂಗೆಟ್ಟಿತು. ಸೆರೆಯಾದವರನ್ನು ಕಾಯುವುದೇ ಒಂದು ದೊಡ್ಡ ಕೆಲಸವಾಯಿತು.

ಹೈಫಾ ಖಾಲಿಯಾಗಿದೆ ಎಂದು ವಿಮಾನದಲ್ಲಿ ಹೋಗಿ ಬಂದವರು ವರದಿ ಕೊಟ್ಟಿದ್ದರು. 22ರಂದು ಬ್ರಿಗೇಡಿಯರ್ ಜನರಲ್ ಕಿಂಗ್ ಎಂಬ ಅಧಿಕಾರಿ ಕವಚದ ಕಾರುಗಳೊಂದಿಗೆ ಊರು ವಶಪಡಿಸಿಕೊಳ್ಳಲು ಹೋದಾಗ ಬೆಟ್ಟದಿಂದ ಗುಂಡಿನ ಮಳೆ ಬಿತ್ತು, ವಾಪಸು ಬರಬೇಕಾಯಿತು. ಊರು ಖಾಲಿಯಾಗಿರಲಿಲ್ಲ. ತುರ್ಕಿಯ ಕಾಲಾಳುಗಳು, ಜರ್ಮನ್ ಮಷಿನ್ ಗನ್ನಿನವರು, ಬೆಟ್ಟದ ತುಂಬ ಫಿರಂಗಿ. ಮರುದಿನ ಬೆಳಿಗ್ಗೆ 5 ಗಂಟೆಗೆ 15ನೇ ಬ್ರಿಗೇಡು ಅಫುಲಾದಿಂದ ಹೊರಟಿತು, 10ರ ಹೊತ್ತಿಗೆ ಬಲದ್ ಅಲ್‌ಶೇಖ್ ಮುಟ್ಟಿತು.

ಅಲ್ಲಿಂದ ಮುಂದಿನ ನೆಲವನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಬೇಕು, ಇಲ್ಲದಿದ್ದರೆ ಆ ದಿನದ ಕಷ್ಟ ತಿಳಿಯುವುದಿಲ್ಲ. ಕಾರ್ಮೆಲ್ ಒಂಟಿ ಗುಡ್ಡವಲ್ಲ, ಸಮುದ್ರದಿಂದ ಒಳನಾಡಿನವರೆಗೆ ಚಾಚಿರುವ ಸಾಲು. ಅದರ ಅತಿ ಎತ್ತರದ ತುದಿ 546 ಮೀಟರ್. ಸಾಲಿನ ಕೊನೆ ಮೂಗಿನ ಹಾಗೆ ಸಮುದ್ರಕ್ಕೆ ಇಳಿಯುವ ಕಡೆ, ಅದರ ಬುಡದಲ್ಲಿ ಹೈಫಾ. ಯೆಹೂದ್ಯರಿಗೂ ಕ್ರೈಸ್ತರಿಗೂ ಮುಸಲ್ಮಾನರಿಗೂ ಪವಿತ್ರನಾದ ಪ್ರವಾದಿ ಎಲೀಯನ ಬೆಟ್ಟ ಅದು. ಬೆಟ್ಟದ ಮೇಲೆ ಸನ್ಯಾಸಿಗಳ ಮಠ, ಇಳಿಜಾರಿನಲ್ಲಿ ಆಲಿವ್ ಮರ. ಬೆಟ್ಟದ ಪಕ್ಕದಲ್ಲೇ ಕಿಶೋನ್ ಹರಿಯುತ್ತದೆ. ಕಣ್ಣಿಗೆ ಚಿಕ್ಕ ಹೊಳೆ, ಆದರೆ ದಡ ಕಡಿದಾಗಿದೆ, ತಳದಲ್ಲಿ ಹುದುಲು. ಬೆಟ್ಟದ ಮೇಲಿನ ಫಿರಂಗಿಗೆ ಕೆಳಗಿನ ರಸ್ತೆ ಅಂಗೈಯಷ್ಟು ಸ್ಪಷ್ಟ. ಎಡಕ್ಕೆ ಸರಿದರೆ ಬಂಡೆ, ಬಲಕ್ಕೆ ಸರಿದರೆ ಕೆಸರು.

ಬ್ರಿಗೇಡಿನ ನಾಯಕ ಬ್ರಿಗೇಡಿಯರ್ ಜನರಲ್ ಹಾರ್ಬರ್ಡ್ ಈ ತೊಡಕನ್ನು ಬಿಡಿಸಿದ ಬಗೆ ಹೀಗೆ. ಮೈಸೂರಿನ ಒಂದು ಸ್ಕ್ವಾಡ್ರನ್ ಬೆಟ್ಟ ಹತ್ತಿ ಮೇಲಿನ ನೌಕಾ ಫಿರಂಗಿಗಳನ್ನು ಹಿಡಿಯಬೇಕು. ಮೈಸೂರಿನ ಇನ್ನೊಂದು ಸ್ಕ್ವಾಡ್ರನ್ ಎರಡು ಮಷಿನ್ ಗನ್ನುಗಳೊಂದಿಗೆ ಬಡಗಣ ದಿಕ್ಕಿಗೆ ಸುತ್ತಿಹೋಗಿ ಆ ಕಡೆಯ ಶತ್ರುವನ್ನು ತಡೆಯಬೇಕು. ಬೆಟ್ಟದವರಿಗೆ ಮೇಲೆ ತಲುಪಲು ಹೊತ್ತು ಕೊಟ್ಟು, 2 ಗಂಟೆಗೆ ಜೋಧಪುರದ ಲ್ಯಾನ್ಸರ್ಸ್ ನೇರ ಊರಿನ ಕಡೆ ನುಗ್ಗಬೇಕು. ಅಲ್ಲಿದ್ದ ಒಂದೇ ಬ್ಯಾಟರಿ ತೋಪುಗಳು ಅವರಿಗೆ ಬೆಂಬಲ ಕೊಡಬೇಕು. ಬೆಟ್ಟದ ದಾರಿಗೆ ಆಮೇಲೆ ಇಂಗ್ಲಿಷರ ಷೆರ್‌ವುಡ್ ರೇಂಜರ್ಸ್ ದಳದ ಒಂದು ಸ್ಕ್ವಾಡ್ರನ್ನನ್ನೂ ಕಳಿಸಿದರು.

ಎರಡೂಕಾಲು ಗಂಟೆ. ಕೆಳಗೆ ಕಾಯುವವರಿಗೂ ಮೇಲೆ ಏರುವವರಿಗೂ ಅಷ್ಟು ಹೊತ್ತು. ನಮ್ಮ ಕೋಟೆಗುಡ್ಡಗಳನ್ನು ಹಗಲು ಹೊತ್ತಿನಲ್ಲಿ ಹತ್ತಿದವರಿಗೆ ಬಿಸಿಲು ಬಂಡೆಯಿಂದ ಮುಖಕ್ಕೆ ಹೇಗೆ ಹೊಡೆಯುತ್ತದೆಂದು ಗೊತ್ತು. ಅವರು ಈಟಿ, ಬಂದೂಕು, ಗುಂಡಿನ ಪಟ್ಟಿ, ಮಷಿನ್ ಗನ್ನಿನ ಹೊರೆ ಹೊತ್ತ ಪ್ರಾಣಿಗಳೊಂದಿಗೆ ಏರಿದರು. ಕುದುರೆಗಳು ನಾಲ್ಕು ದಿನದಿಂದ ಸರಿಯಾದ ನೀರು, ಮೇವು, ನಿದ್ದೆ ಇಲ್ಲದೆ ನಡೆದಿದ್ದವು. ಕೆಲವು ಕುಂಟಿ ಹಿಂದೆ ಬಿದ್ದವು. ಕೆಲವು ಸವಾರರು ಗುಂಡಿನ ಬೆಂಬಲ ಕೊಡಲು ಮಷಿನ್ ಗನ್ನು, ಹಾಚ್‌ಕಿಸ್ ಗನ್ನುಗಳ ಬಳಿಯೇ ಉಳಿಯಬೇಕಾಯಿತು. ಫಿರಂಗಿಯ ಸಮೀಪ ತಲುಪಿ ನುಗ್ಗುವ ಹೊತ್ತಿಗೆ ಕುದುರೆಯ ಮೇಲಿದ್ದವರು 15 ಮಂದಿ.

15 ಮಂದಿ. ಈ ಒಂದು ಸಂಖ್ಯೆ ನನ್ನನ್ನು ಬಿಡುವುದಿಲ್ಲ.

ಕೆಳಗೆ 2 ಗಂಟೆಗೆ ಜೋಧಪುರದವರು ಕುದುರೆ ಬಿಟ್ಟರು. ಮೊದಲು ಹೊಳೆ ದಾಟಲು ನೋಡಿದರು. ಮುಂದೆ ಹೋದ ಸವಾರರ ಕುದುರೆಗಳನ್ನು ಹುದುಲು ನುಂಗಿತು. ಹೊಳೆ ದಾಟುವಂತಿಲ್ಲ ಎಂದು ಕಂಡ ಕೂಡಲೇ ಗುಂಡಿನ ನಡುವೆಯೇ ಇಡೀ ದಳ ಎಡಕ್ಕೆ ತಿರುಗಿ ಬೆಟ್ಟದ ಬುಡದ ಮಷಿನ್ ಗನ್ನುಗಳ ಮೇಲೆ ಬಿತ್ತು, ದಾರಿ ಬಿಡಿಸಿಕೊಂಡಿತು, ಊರೊಳಗೆ ಹೊಕ್ಕಿತು. ಓಡುವ ಕುದುರೆಯನ್ನು ಗುಂಡಿನಿಂದ ನಿಲ್ಲಿಸುವುದು ಕಷ್ಟ. ಎಷ್ಟೋ ಕುದುರೆಗಳು ಮೈತುಂಬ ಗಾಯವಾಗಿದ್ದರೂ ಓಡುವುದನ್ನು ನಿಲ್ಲಿಸಲಿಲ್ಲ. ಜೋಧಪುರದ ಮೇಜರ್ ದಲಪತ್ ಸಿಂಗ್ ಆ ದಾಳಿಯಲ್ಲಿ ಮಡಿದರು. ಅವರ ಹೆಸರು ಇಂದಿಗೂ ಹೈಫಾದ ವೀರ ಎಂದೇ ಉಳಿದಿದೆ, ಉಳಿಯಬೇಕಾದ್ದೇ. ಅಲ್ಲಿಯವರೆಗೆ ಕೆಳಗಿನಿಂದ ಗುಂಡಿನ ಬೆಂಬಲ ಕೊಡುತ್ತಿದ್ದ ಮೈಸೂರಿನ ಉಳಿದ ಸವಾರರು ತಾವೂ ಕುದುರೆ ಏರಿ ಅವರ ಬೆನ್ನಿಗೇ ಊರ ಬೀದಿಗಳಿಗೆ ಇಳಿದರು.

ಜೋಧಪುರದ ಕುದುರೆಗಳು ಕೆಳಗೆ ನುಗ್ಗುತ್ತಿದ್ದ ಅದೇ ಗಳಿಗೆಗೆ ಬೆಟ್ಟದ ಮೇಲಿನ 15 ಮಂದಿ ಫಿರಂಗಿಗಳ ಮೇಲೆ ಬಿದ್ದರು. ಕಲ್ಲುಬಂಡೆಯ ನೆಲದಲ್ಲಿ, ಬೆಟ್ಟದ ನೆತ್ತಿಯಲ್ಲಿ ಕುದುರೆಯ ದಾಳಿ ಬರುತ್ತದೆಂದು ಅಲ್ಲಿದ್ದ ಗೋಲಂದಾಜರು ಎಣಿಸಿರಲಾರರು. ಎರಡು ನೌಕಾ ಫಿರಂಗಿ, ಒಂದು ಬೆಟ್ಟದ ತೋಪು, ಒಂಟೆಯ ಬೆನ್ನಿನ ಮೇಲೆ ಸಾಗಿಸುವ ಎರಡು ಚಿಕ್ಕ ತೋಪು ಮೈಸೂರಿನವರ ಕೈಸೇರಿದವು. 78 ಮಂದಿ ಸೆರೆಯಾದರು. ಸಂಜೆಯಾಗುವ ಮುಂಚೆ ಹೈಫಾ ಬಿತ್ತು. ಒಟ್ಟು ಸೆರೆಯಾದವರು 1350 ಮಂದಿ, ಸಿಕ್ಕ ಫಿರಂಗಿಗಳು 17, ಮಷಿನ್ ಗನ್ನುಗಳು 11. ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಕುದುರೆಗಳು 60 ಸತ್ತವು, 83 ಗಾಯಗೊಂಡವು. ಸವಾರರ ಮೈಗೆ ಬರಬೇಕಿದ್ದ ಎಷ್ಟೋ ಗುಂಡುಗಳನ್ನು ಆ ಮೂಕಪ್ರಾಣಿಗಳು ತಮ್ಮ ಮೈಮೇಲೆ ತೆಗೆದುಕೊಂಡವು.

ಹೈಫಾದ ಕತೆ ಹೇಳುವವರು ಹೆಚ್ಚಾಗಿ ಕೆಳಗಿನ ಓಟವನ್ನೇ ಹೇಳುತ್ತಾರೆ. ಬಯಲಿನಲ್ಲಿ ಧೂಳೆಬ್ಬಿಸಿ ಓಡುವ ಕುದುರೆ, ಮಿನುಗುವ ಈಟಿ ಚಿತ್ರಕ್ಕೆ ಒಗ್ಗುತ್ತವೆ. ಎರಡು ಗಂಟೆ ಬಂಡೆಗಳ ನಡುವೆ ತಡವರಿಸಿ ಏರುವುದು ಒಗ್ಗುವುದಿಲ್ಲ. ಆದರೆ ಬೆಟ್ಟದ ಮೇಲಿನ ಫಿರಂಗಿಗಳನ್ನು ಹಾಗೇ ಬಿಟ್ಟಿದ್ದರೆ ಕೆಳಗಿನ ದಾಳಿಯ ಗತಿ ಏನಾಗುತ್ತಿತ್ತು? ಹಿಂದಿನ ದಿನ ಕವಚದ ಕಾರುಗಳಿಗೇ ಆಗದಿದ್ದದ್ದು ಬರಿಮೈ ಕುದುರೆಗಳಿಗೆ ಆಗುತ್ತಿತ್ತೇ? ಹಾರ್ಬರ್ಡ್ ದಾಳಿಯ ಹೊತ್ತನ್ನು ಬೆಟ್ಟ ಹತ್ತುವವರ ಲೆಕ್ಕಕ್ಕೆ ತಕ್ಕಂತೆ ಇಟ್ಟುಕೊಂಡದ್ದೇ ಉತ್ತರ. ಆ ದಿನ ಮೈಸೂರಿನ ಪಾಲು ಜೋಧಪುರದ ಪಾಲಿಗೆ ಬಾಲವಲ್ಲ, ಬುನಾದಿ. ಕನ್ನಡದಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಿದವರು ಕಡಿಮೆ ಎಂಬುದು ನನ್ನ ಕೊರಗು.

ಹೈಫಾದ ನಂತರ ದಳ ನಿಲ್ಲಲಿಲ್ಲ. ಡಮಾಸ್ಕಸ್ ದಾಟಿ ಬಡಗಣಕ್ಕೆ ಅಲೆಪ್ಪೊವರೆಗೆ ನಡೆಯಿತು. ಅಕ್ಟೋಬರ್ 26ರಂದು ಅಲೆಪ್ಪೊದ ಆಚೆ ಹರಿತಾನ್ ಎಂಬ ಹಳ್ಳಿಯ ಹತ್ತಿರ ತುರ್ಕಿಯ ಸೇನಾಪತಿ ಮುಸ್ತಫಾ ಕೆಮಾಲನ ಹಿಂಬದಿ ಪಡೆ ಒಂದು ದಿಣ್ಣೆ ಹಿಡಿದು ನಿಂತಿತ್ತು. ಮೈಸೂರು, ಜೋಧಪುರದ ಸವಾರರು ಮತ್ತೆ ಈಟಿ ಎತ್ತಿದರು. ಈ ಸಲ ಎದುರಿಗಿದ್ದವರ ಸಂಖ್ಯೆ ಎಣಿಸಿದ್ದಕ್ಕಿಂತ ಬಹಳ ಹೆಚ್ಚಿತ್ತು, ಸವಾರರು ಹಿಂದೆ ಸರಿಯಬೇಕಾಯಿತು. ಆ ರಣರಂಗದ ಕೊನೆಯ ಕಾದಾಟ ಅದು. ಐದು ದಿನ ಕಳೆಯುವುದರೊಳಗೆ ತುರ್ಕಿಯೊಂದಿಗಿನ ಯುದ್ಧ ನಿಂತಿತು. ನಾಲ್ಕು ವರ್ಷ ಬದುಕಿ ಬಂದು, ಯುದ್ಧ ಮುಗಿಯಲು ಐದು ದಿನವಿದ್ದಾಗ ಹರಿತಾನಿನಲ್ಲಿ ಬಿದ್ದವರ ಮನೆಗಳಿಗೆ ಸುದ್ದಿ ಹೇಗೆ ಮುಟ್ಟಿತೋ ಎಂದು ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದೇ ತಿಂಗಳುಗಳಲ್ಲಿ ಊರುಗಳಲ್ಲಿ ಬೇರೆಯೇ ಸಾವು ಓಡಾಡುತ್ತಿತ್ತು. 1918ರ ಮುಂಗಾರು ಕೈಕೊಟ್ಟಿತ್ತು. ಕಾಳಿನ ಬೆಲೆ ಏರಿತ್ತು. ಅದರ ಮೇಲೆ ಇನ್‌ಫ್ಲುಯೆಂಜಾ ಬಂದು ಮೈಸೂರು ಸಂಸ್ಥಾನದಲ್ಲೇ ಲಕ್ಷಕ್ಕೂ ಹೆಚ್ಚು ಜನ ತೀರಿಕೊಂಡರು. ಅಂಥ ಹೊತ್ತಿನಲ್ಲಿ ಎಲ್ಲೋ ಒಂದು ಬೆಟ್ಟ ಗೆದ್ದ ಸುದ್ದಿ ಜೋಳವಿಲ್ಲದ ಮನೆಗೆ ಎಷ್ಟು ತಟ್ಟೀತು? ಆ ಗೆಲುವು ನಮ್ಮ ಕಡೆಯ ನೆನಪಿನಲ್ಲಿ ಬೇರು ಬಿಡದೆ ಹೋದದ್ದಕ್ಕೆ ಅದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಇನ್ನೊಂದು ಕಾರಣ, ಆ ಯುದ್ಧ ನಮ್ಮದಾಗಿರಲಿಲ್ಲ. ಸಾಮ್ರಾಜ್ಯದ ಯುದ್ಧಕ್ಕೆ ಸಂಸ್ಥಾನದ ಮಕ್ಕಳು ಹೋಗಿದ್ದರು. ಯುದ್ಧ ಯಾರದೇ ಆಗಿರಲಿ, ಬೆಟ್ಟ ಹತ್ತಿದವರು ನಮ್ಮವರು. ಅವರ ಎದೆಗಾರಿಕೆಗೆ ನಾವು ಸಾಮ್ರಾಜ್ಯದ ಅನುಮತಿ ಕೇಳಬೇಕಾಗಿಲ್ಲ.

ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಸವಾರರಲ್ಲಿ ಒಬ್ಬ ಮೈಸೂರಿನವನು. 1922ರಲ್ಲಿ ನಿಲ್ಲಿಸಿದ ಆ ಮೂರ್ತಿಗಳ ಚೌಕಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳ ಕುದುರೆ ದಳಗಳನ್ನು ಒಂದುಗೂಡಿಸಿ 61ನೇ ಕ್ಯಾವಲ್ರಿ ಕಟ್ಟಿದಾಗ ಮೈಸೂರು ಲ್ಯಾನ್ಸರ್ಸಿನವರೂ ಅದರೊಳಗೆ ಸೇರಿದರು. ಜೈಪುರದಲ್ಲಿರುವ ಆ ದಳ ಇಂದಿಗೂ ಸೆಪ್ಟೆಂಬರ್ 23ನ್ನು ಹೈಫಾ ದಿನವೆಂದು ಆಚರಿಸುತ್ತದೆ. ಹೈಫಾದಲ್ಲಿ ಭಾರತೀಯ ಸೈನಿಕರ ಸ್ಮಶಾನವಿದೆ. 2017ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿ ಅಲ್ಲಿಗೆ ಹೋಗಿ ದಲಪತ್ ಸಿಂಗರ ನೆನಪಿನ ಫಲಕ ತೆರೆದರು.

ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಮೈಸೂರು ಲ್ಯಾನ್ಸರ್ಸಿನ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ, ದಳದ ಹಳೆಯ ಠಾಣ್ಯವಿದ್ದ ಕಡೆಯಲ್ಲೇ. ಈಜಿಪ್ಟು, ಪ್ಯಾಲೆಸ್ಟೈನುಗಳಲ್ಲಿ ಮಡಿದವರ ಹೆಸರುಗಳು ಅದರ ಮೇಲಿವೆ. ಅಲ್ಲಿಂದ ಸ್ವಲ್ಪವೇ ದೂರದ ಅರಮನೆ ರಸ್ತೆಯಲ್ಲಿ, ಬಹುಕಾಲ ಹೆಣ್ಣುಮಕ್ಕಳದೇ ಆಗಿದ್ದ ದೊಡ್ಡ ಕಾಲೇಜೊಂದಿದೆ, ಹೆಸರು ಮೌಂಟ್ ಕಾರ್ಮೆಲ್. ಹೈಫಾದ ಮೇಲಿನ ಆ ಬೆಟ್ಟದ್ದೇ ಹೆಸರು. ದಾವಣಗೆರೆಯಲ್ಲಿ ರೈಲು ಹತ್ತಿದವರು ಯಶವಂತಪುರದಲ್ಲಿ ಇಳಿದು ಮೇಖ್ರಿ ವೃತ್ತದ ಕಡೆಯಿಂದ ಜಯಮಹಲ್ ರಸ್ತೆ ಹಿಡಿದರೆ ಜೆ.ಸಿ. ನಗರ ಸಿಗುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹೈಸ್ಕೂಲುಗಳು ಬೆಂಗಳೂರು ಪ್ರವಾಸಕ್ಕೆ ಪ್ರತಿವರ್ಷ ಮಕ್ಕಳನ್ನು ಕರೆದೊಯ್ಯುತ್ತವೆ. ವಿಧಾನಸೌಧ, ಲಾಲ್‌ಬಾಗು ನೋಡಿದ ಮೇಲೆ ಬಸ್ಸನ್ನು ಅರ್ಧ ಗಂಟೆ ಇಲ್ಲೂ ನಿಲ್ಲಿಸಿ, ಆ ಹೆಸರುಗಳನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಬೇಕೆಂದು ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ.